ಹೃದಯದ ಗಡುವು ಮತ್ತು ಗಡಿನಾಡಿನ ಒಂದು ಚೀಟಿ

ಕೊಲ್ಲಾಪುರ ಜಿಲ್ಲೆಯ ಕನ್ನಡ ಶಾಲೆಗಳ ಕುರಿತು ಎಲ್ಲಿ ಸಭೆ ಸೇರಿದರೂ ಮೂರು ವಿಷಯಗಳು ತಪ್ಪದೆ ಚರ್ಚೆಗೆ ಬರುತ್ತವೆ: ಶಿಕ್ಷಕರ ನೇಮಕಾತಿ, ಪಠ್ಯಪುಸ್ತಕಗಳ ಪೂರೈಕೆ ಮತ್ತು ವರ್ಷದಿಂದ ವರ್ಷಕ್ಕೆ ಇಳಿಯುತ್ತಿರುವ ಪಟಸಂಖ್ಯೆ. ಮೂರೂ ಗಂಭೀರವಾದವುಗಳೇ. ಆದರೆ ನಾಲ್ಕನೆಯ ವಿಷಯವೊಂದು ನಮ್ಮ ಠರಾವುಗಳಲ್ಲಿ ಇದುವರೆಗೆ ಸ್ಥಾನ ಪಡೆದಿಲ್ಲ. ವರ್ಷಕ್ಕೊಮ್ಮೆ ಶಾಲೆಗೆ ಬರುವ ವೈದ್ಯಕೀಯ ತಂಡವು ಮಗುವಿನ ಎದೆಗೆ ಸ್ಟೆತಸ್ಕೋಪ್ ಇಟ್ಟು, ಏನೋ ಅನುಮಾನ ಬಂದು, ಕೈಗೆ ಒಂದು ಚೀಟಿ ಕೊಟ್ಟು ಹೋಗುತ್ತದೆ. ಆ ಚೀಟಿ ಮರಾಠಿಯಲ್ಲಿರುತ್ತದೆ. ನಡುನಡುವೆ ಇಂಗ್ಲಿಷ್ ಸಂಕ್ಷೇಪಾಕ್ಷರಗಳಿರುತ್ತವೆ. ಮಗು ಅದನ್ನು ದಫ್ತರದಲ್ಲಿಟ್ಟುಕೊಂಡು ಮನೆಗೆ ಹೋಗುತ್ತದೆ. ಅಲ್ಲಿಂದ ಮುಂದೆ ಏನಾಗುತ್ತದೆ ಎಂಬುದರ ಮೇಲೆ ಒಂದು ಜೀವ ನಿಂತಿರುತ್ತದೆ.

ಜನ್ಮಜಾತ ಹೃದಯದೋಷಗಳ ಶಸ್ತ್ರಚಿಕಿತ್ಸೆ ಇಂದು ಅಸಾಧ್ಯವೂ ಅಲ್ಲ, ಬಡವರ ಪಾಲಿಗೆ ಸಂಪೂರ್ಣ ನಿಲುಕದ್ದೂ ಅಲ್ಲ. ಯೋಜನೆಗಳಿವೆ, ಆಸ್ಪತ್ರೆಗಳಿವೆ, ನುರಿತ ಕೈಗಳಿವೆ. ಇಲ್ಲದಿರುವುದು ಸಮಯ. ನಮ್ಮ ಕುಟುಂಬಗಳು ಆ ಸಮಯದ ಒಂದು ಪಾಲನ್ನು ರೋಗದಿಂದಲ್ಲ, ಭಾಷೆಯ ಅಡಚಣೆಯಿಂದ ಕಳೆದುಕೊಳ್ಳುತ್ತಿವೆ. ಇದನ್ನು ಸರಿಪಡಿಸಲು ದೊಡ್ಡ ಹಣ ಬೇಕಿಲ್ಲ.

ದೋಷ ಯಾವುದು, ದುರಸ್ತಿ ಹೇಗೆ?

ಹುಟ್ಟುವ ಪ್ರತಿ ಸಾವಿರ ಶಿಶುಗಳಲ್ಲಿ ಸುಮಾರು 8ರಿಂದ 9 ಶಿಶುಗಳಿಗೆ ಹೃದಯದ ರಚನೆಯಲ್ಲಿ ಒಂದಿಲ್ಲೊಂದು ದೋಷವಿರುತ್ತದೆ. ಭಾರತದಲ್ಲಿ ವರ್ಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಇಂತಹ ಮಕ್ಕಳು ಜನಿಸುತ್ತಾರೆಂಬುದು ತಜ್ಞರ ಅಂದಾಜು. ಇವುಗಳಲ್ಲಿ ಕೆಲವು ಸಣ್ಣ ರಂಧ್ರಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಕೆಲವು ಮಾತ್ರ ಅಪರೂಪದವು, ಜಟಿಲವಾದವು, ಶಸ್ತ್ರಚಿಕಿತ್ಸೆಯಿಲ್ಲದೆ ಸರಿಹೋಗದವು. ಹತ್ತು ಸಾವಿರ ಜನನಗಳಲ್ಲಿ ಮೂರು-ನಾಲ್ಕು ಶಿಶುಗಳಲ್ಲಿ ಕಾಣುವ 'ಫ್ಯಾಲೋ ಚತುರ್ದೋಷ' ಅಂತಹದೊಂದು. 1888ರಲ್ಲಿ ಇದನ್ನು ವಿವರವಾಗಿ ದಾಖಲಿಸಿದ ಫ್ರಾನ್ಸಿನ ವೈದ್ಯ ಫ್ಯಾಲೋ ಅವರ ಹೆಸರೇ ಇದಕ್ಕೆ ನಿಂತಿದೆ.

ಹೆಸರೇ ಹೇಳುವಂತೆ ಇಲ್ಲಿ ನಾಲ್ಕು ದೋಷಗಳು ಒಟ್ಟಿಗೆ ಇರುತ್ತವೆ. ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ದೊಡ್ಡ ರಂಧ್ರ. ಶ್ವಾಸಕೋಶಕ್ಕೆ ರಕ್ತ ಒಯ್ಯುವ ದಾರಿ ಕಿರಿದಾಗಿರುವುದು. ದೇಹಕ್ಕೆಲ್ಲ ರಕ್ತ ಹಂಚುವ ಮಹಾಪಧಮನಿಯು ಆ ರಂಧ್ರದ ಮೇಲೆಯೇ ಕುಳಿತಿರುವುದು. ಹಾಗೂ ಕಿರಿದಾದ ದಾರಿಯಲ್ಲಿ ರಕ್ತವನ್ನು ನೂಕಿ ನೂಕಿ ಬಲಗಡೆಯ ಕೋಣೆಯ ಸ್ನಾಯು ದಪ್ಪವಾಗುವುದು. ಪರಿಣಾಮವಾಗಿ ಆಮ್ಲಜನಕವಿಲ್ಲದ ರಕ್ತ ಶ್ವಾಸಕೋಶಕ್ಕೆ ಹೋಗದೆ ನೇರವಾಗಿ ದೇಹಕ್ಕೆ ಸೇರುತ್ತದೆ. ತುಟಿ, ನಾಲಿಗೆ, ಉಗುರುಗಳು ನೀಲಿಗಟ್ಟುತ್ತವೆ.

ಚಿಕಿತ್ಸೆಯಿಲ್ಲದೆ ಬೆಳೆದ ಇಂತಹ ಮಗುವಿನ ಒಂದು ನಡವಳಿಕೆಯನ್ನು ಪಾಲಕರೂ ಶಿಕ್ಷಕರೂ ಗುರುತಿಸಬಹುದು. ಓಡುತ್ತ ಓಡುತ್ತ ಮಗು ಥಟ್ಟನೆ ನಿಂತು ಕುಕ್ಕರಗಾಲಿನಲ್ಲಿ ಕುಳಿತುಬಿಡುತ್ತದೆ. ಅದು ಸೋಮಾರಿತನವಲ್ಲ, ಆಟದಿಂದ ತಪ್ಪಿಸಿಕೊಳ್ಳುವ ನೆಪವೂ ಅಲ್ಲ. ಹಾಗೆ ಕುಳಿತಾಗ ಕಾಲಿನ ರಕ್ತನಾಳಗಳು ಒತ್ತಲ್ಪಟ್ಟು ಹೆಚ್ಚು ರಕ್ತ ಶ್ವಾಸಕೋಶದತ್ತ ತಿರುಗುತ್ತದೆ. ಮಗುವಿಗೆ ಉಸಿರು ಮರಳುತ್ತದೆ. ಯಾರೂ ಕಲಿಸದೆ ದೇಹವೇ ಕಂಡುಕೊಂಡ ಉಪಾಯವಿದು. ಕಂಕುಳಲ್ಲಿರುವ ಶಿಶು ಅಳುತ್ತಲೇ ಕಡುನೀಲಿಯಾದರೆ ಮೊಣಕಾಲುಗಳನ್ನು ಎದೆಗೆ ಮಡಚಿ ಹಿಡಿದು, ಶಾಂತಗೊಳಿಸಿ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು ಎಂದು ವೈದ್ಯರು ಹೇಳುವುದೂ ಇದೇ ಕಾರಣಕ್ಕೆ.

ಇದರ ಶಸ್ತ್ರಚಿಕಿತ್ಸೆಯ ಇತಿಹಾಸ ಹಳೆಯದೇನಲ್ಲ. 1944ರ ನವೆಂಬರ್ 29ರಂದು ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಸುಮಾರು ಒಂದೂಕಾಲು ವರ್ಷದ ನೀಲಿ ಶಿಶುವಿಗೆ ಮೊದಲ ಬಾರಿಗೆ ರಕ್ತನಾಳದ ಜೋಡಣೆ ಮಾಡಿ ಶ್ವಾಸಕೋಶಕ್ಕೆ ಹೆಚ್ಚು ರಕ್ತ ಹರಿಯುವಂತೆ ಮಾಡಲಾಯಿತು. ಆ ಕಲ್ಪನೆ ವೈದ್ಯೆ ಹೆಲನ್ ಟಾಸಿಗ್ ಅವರದು, ಕೈ ಆಲ್‌ಫ್ರೆಡ್ ಬ್ಲಾಲಾಕ್ ಅವರದು. ವಿಧಾನವನ್ನು ಪ್ರಯೋಗಾಲಯದಲ್ಲಿ ರೂಪಿಸಿದವರು ಕಾಲೇಜು ಮೆಟ್ಟಿಲು ಹತ್ತಲಾಗದ ಕಪ್ಪುವರ್ಣೀಯ ಸಹಾಯಕ ವಿವಿಯನ್ ಥಾಮಸ್. ಆದರೆ ಅದು ಪೂರ್ಣ ದುರಸ್ತಿಯಾಗಿರಲಿಲ್ಲ. ಹೃದಯವನ್ನೇ ತೆರೆದು ದೋಷವನ್ನು ಸರಿಪಡಿಸಿದ್ದು 1954ರಲ್ಲಿ, ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ವಾಲ್ಟನ್ ಲಿಲೆಹೈ ಅವರ ತಂಡ. ಆಗ ಹೃದಯ-ಶ್ವಾಸಕೋಶ ಯಂತ್ರ ಇನ್ನೂ ವ್ಯಾಪಕ ಬಳಕೆಗೆ ಬಂದಿರಲಿಲ್ಲ. ಮತ್ತೊಬ್ಬ ವ್ಯಕ್ತಿಯ ರಕ್ತಪರಿಚಲನೆಗೆ ಮಗುವನ್ನು ಜೋಡಿಸಿ ಅದನ್ನು ಬದುಕಿಸಿಕೊಳ್ಳಲಾಗಿತ್ತು.

ಇಂದು ಆ ಕೆಲಸವನ್ನು ಯಂತ್ರ ಮಾಡುತ್ತದೆ. ಶಸ್ತ್ರವೈದ್ಯರು ರಂಧ್ರಕ್ಕೆ ತೇಪೆ ಹೊಲಿಯುತ್ತಾರೆ, ಶ್ವಾಸಕೋಶದ ದಾರಿಯಲ್ಲಿ ಅಡ್ಡಬೆಳೆದ ಸ್ನಾಯುವನ್ನು ತೆಗೆದು ಅದನ್ನು ಅಗಲಗೊಳಿಸುತ್ತಾರೆ. ಅನುಭವಿ ಕೇಂದ್ರಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಮಕ್ಕಳು ಈ ಶಸ್ತ್ರಚಿಕಿತ್ಸೆಯಿಂದ ಸುರಕ್ಷಿತವಾಗಿ ಹೊರಬರುತ್ತಾರೆ.

ಪ್ರತಿ ದೋಷಕ್ಕೂ ಒಂದು ಗಡುವು

"ಮಗು ಸ್ವಲ್ಪ ಬಲಿಯಲಿ, ಆಮೇಲೆ ನೋಡೋಣ" ಎಂಬ ಮಾತು ನಮ್ಮ ಮನೆಗಳಲ್ಲಿ ಸಹಜ. ಹಿರಿಯರು ಅದನ್ನು ಪ್ರೀತಿಯಿಂದಲೇ ಹೇಳುತ್ತಾರೆ. ಹೃದಯದೋಷದ ವಿಷಯದಲ್ಲಿ ಮಾತ್ರ ಕಾಯುವ ನಿರ್ಧಾರವನ್ನು ಹೃದಯ ತಜ್ಞರೇ ಮಾಡಬೇಕು, ಮನೆಯವರಲ್ಲ.

ಫ್ಯಾಲೋ ಚತುರ್ದೋಷದ ಪೂರ್ಣ ದುರಸ್ತಿಯನ್ನು ಸಾಮಾನ್ಯವಾಗಿ ಮೊದಲ ವರ್ಷದೊಳಗೇ ಮಾಡುತ್ತಾರೆ. ಮಹಾಪಧಮನಿ ಮತ್ತು ಶ್ವಾಸಕೋಶದ ಧಮನಿ ಸ್ಥಾನಪಲ್ಲಟಗೊಂಡಿರುವ ದೋಷಕ್ಕೆ ಗಡುವು ಇನ್ನೂ ಕಿರಿದು. ಜನನದ ಮೊದಲ ಕೆಲವು ವಾರಗಳಲ್ಲೇ ಶಸ್ತ್ರಚಿಕಿತ್ಸೆ ಆಗಬೇಕು. ಶ್ವಾಸಕೋಶದಿಂದ ಶುದ್ಧ ರಕ್ತ ತರುವ ನಾಳಗಳು ತಪ್ಪು ಕೋಣೆಗೆ ಸೇರಿ, ಜೊತೆಗೆ ಅಡಚಣೆಯೂ ಇದ್ದರೆ ಅದು ತುರ್ತುಸ್ಥಿತಿ. ಇನ್ನು ಕೋಣೆಗಳ ನಡುವಿನ ದೊಡ್ಡ ರಂಧ್ರವನ್ನು ವರ್ಷಗಟ್ಟಲೆ ಹಾಗೆಯೇ ಬಿಟ್ಟರೆ ಶ್ವಾಸಕೋಶದ ರಕ್ತನಾಳಗಳು ಅತಿಯಾದ ಒತ್ತಡಕ್ಕೆ ಸಿಕ್ಕಿ ಗಡುಸಾಗುತ್ತವೆ. ಆ ಹಂತ ದಾಟಿದ ಮೇಲೆ ರಂಧ್ರ ಮುಚ್ಚುವುದೇ ಅಪಾಯಕರವಾಗುತ್ತದೆ. ಒಂದು ಕಾಲಕ್ಕೆ ಸರಳವಾಗಿದ್ದ ಶಸ್ತ್ರಚಿಕಿತ್ಸೆ ಮತ್ತೊಂದು ಕಾಲಕ್ಕೆ ಅಸಾಧ್ಯವಾಗುವುದು ಹೀಗೆ.

ಆದ್ದರಿಂದ ಶಾಲೆಯಲ್ಲಿ ಪತ್ತೆಯಾಗುವ ದೋಷ ಈಗಾಗಲೇ ತಡವಾಗಿ ಪತ್ತೆಯಾದ ದೋಷ. ಅಂಗನವಾಡಿಯಲ್ಲೇ, ಸಾಧ್ಯವಾದರೆ ಹೆರಿಗೆ ಕೋಣೆಯಲ್ಲೇ ಅದು ತಿಳಿಯಬೇಕಿತ್ತು. ತಡವಾದುದಕ್ಕೆ ಇನ್ನಷ್ಟು ತಡ ಸೇರಬಾರದು.

ವ್ಯವಸ್ಥೆ ಇದೆ, ದಾರಿ ಎಲ್ಲಿ ಮುರಿಯುತ್ತದೆ?

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು 2013ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದ ನೆಲದಲ್ಲೇ, ಆಗ ಠಾಣೆ ಜಿಲ್ಲೆಯಲ್ಲಿದ್ದ ಪಾಲಘರದಲ್ಲಿ ಉದ್ಘಾಟನೆಗೊಂಡಿತು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ 30 ಬಗೆಯ ತೊಂದರೆಗಳನ್ನು ಹುಡುಕುವುದು ಅದರ ಉದ್ದೇಶ. ಜನ್ಮಜಾತ ಹೃದಯದೋಷ ಆ ಪಟ್ಟಿಯಲ್ಲಿದೆ. ಆಯುಷ್ ವೈದ್ಯರನ್ನೊಳಗೊಂಡ ಸಂಚಾರಿ ತಂಡವು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ, ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಒಂದು ಬಾರಿ ಭೇಟಿ ನೀಡಬೇಕು. ಮಾಧ್ಯಮ ಮರಾಠಿಯೋ ಉರ್ದುವೋ ಕನ್ನಡವೋ ಎಂಬ ಭೇದ ಅಲ್ಲಿಲ್ಲ. ಅನುಮಾನವಿದ್ದ ಮಗುವನ್ನು ಗಡಹಿಂಗ್ಲಜದ ಉಪಜಿಲ್ಲಾ ಆಸ್ಪತ್ರೆ, ಇಚಲಕರಂಜಿಯ ಇಂದಿರಾ ಗಾಂಧಿ ಆಸ್ಪತ್ರೆ, ಕೊಲ್ಲಾಪುರದ ಸಿ.ಪಿ.ಆರ್. ಮುಂತಾದ ದೊಡ್ಡ ಆಸ್ಪತ್ರೆಗಳತ್ತ ಕಳುಹಿಸಿ, ಎಕೋ ಪರೀಕ್ಷೆ ಮಾಡಿಸಿ, ಶಸ್ತ್ರಚಿಕಿತ್ಸೆಯವರೆಗೆ ಕೈಹಿಡಿಯುವುದು ಕ್ರಮ.

ವೆಚ್ಚಕ್ಕೆ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ ಇದೆ. 2012ರಲ್ಲಿ ರಾಜೀವ್ ಗಾಂಧಿ ಜೀವನದಾಯಿ ಎಂಬ ಹೆಸರಿನಲ್ಲಿ ಎಂಟು ಜಿಲ್ಲೆಗಳಲ್ಲಿ ಆರಂಭವಾಗಿ, 2013ರ ನವೆಂಬರಿನಲ್ಲಿ ನಮ್ಮ ಜಿಲ್ಲೆಯೂ ಸೇರಿದಂತೆ ರಾಜ್ಯಕ್ಕೆಲ್ಲ ವಿಸ್ತರಿಸಿದ ಯೋಜನೆಯಿದು. 2024ರ ಜುಲೈಯಿಂದ ಕುಟುಂಬವೊಂದಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ರಕ್ಷಣೆಯನ್ನು ರಾಜ್ಯದ ಎಲ್ಲ ಪಡಿತರ ಚೀಟಿದಾರರಿಗೂ ಅನ್ವಯಿಸಲಾಗಿದೆ. ಯೋಜನೆಗೆ ಸೇರಿದ ಪ್ರತಿ ಆಸ್ಪತ್ರೆಯಲ್ಲೂ 'ಆರೋಗ್ಯಮಿತ್ರ' ಎಂಬ ಸಹಾಯಕರು ಕುಳಿತಿರುತ್ತಾರೆ.

ಕಾಗದದ ಮೇಲೆ ದಾರಿ ಪೂರ್ಣವಾಗಿದೆ. ಮುರಿಯುವುದು ಚೀಟಿಗೂ ಮನೆಗೂ ನಡುವೆ. ನಮ್ಮವರಿಗೆ ಮರಾಠಿ ಬಾರದೆಂದಲ್ಲ. ಪೇಟೆಯಲ್ಲಿ, ಬಸ್ಸಿನಲ್ಲಿ, ಮಗ್ಗದ ಶೆಡ್ಡಿನಲ್ಲಿ ಅವರು ಸರಾಗವಾಗಿ ಮರಾಠಿ ಮಾತನಾಡುತ್ತಾರೆ. ಆದರೆ ಪೇಟೆಯ ಮರಾಠಿ ಬೇರೆ, ವೈದ್ಯಕೀಯ ಪತ್ರದ ಮರಾಠಿ ಬೇರೆ. ಅದಕ್ಕಿಂತ ಅಪಾಯಕರವಾದುದು ಎರಡೂ ಭಾಷೆಗಳಲ್ಲಿ ಒಂದೇ ರೂಪದಲ್ಲಿದ್ದು ಬೇರೆ ಅರ್ಥ ಕೊಡುವ ಪದಗಳು. ಮರಾಠಿಯ 'ಸಂದರ್ಭ ಸೇವೆ' ಎಂದರೆ ಮುಂದಿನ ಆಸ್ಪತ್ರೆಗೆ ಕಳುಹಿಸುವ ಸೇವೆ. ಕನ್ನಡದ ಕಿವಿಗೆ 'ಸಂದರ್ಭ' ಎಂದರೆ ಸನ್ನಿವೇಶ, ಪ್ರಸಂಗ. 'ಪುಢೀಲ ಉಪಚಾರ' ಎಂದರೆ ಮುಂದಿನ ಚಿಕಿತ್ಸೆ. ನಮ್ಮಲ್ಲಿ ಉಪಚಾರವೆಂದರೆ ಮೊದಲು ನೆನಪಾಗುವುದು ಅತಿಥಿಸತ್ಕಾರ, ಆರೈಕೆ. ಎಲ್ಲಕ್ಕೂ ಮಿಗಿಲಾಗಿ, ಮರಾಠಿಯಲ್ಲಿ ಹೃದಯಕ್ಕೆ 'ಛಿದ್ರ' ಇದೆ ಎಂದರೆ ರಂಧ್ರವಿದೆ ಎಂದಷ್ಟೇ ಅರ್ಥ. ಕನ್ನಡದ ತಾಯಿಗೆ ಛಿದ್ರವೆಂದರೆ ಚೂರುಚೂರಾದದ್ದು. ಮೊದಲೆರಡು ಪದಗಳು ತಾಯಿಯನ್ನು ನಿಶ್ಚಿಂತೆಗೊಳಿಸಿ ಮನೆಯಲ್ಲಿ ಕೂರಿಸುತ್ತವೆ. ಮೂರನೆಯದು ಆಕೆಯನ್ನು ಹತಾಶೆಗೆ ದೂಡಿ ಹರಕೆಯ ಕಡೆಗೆ ಕಳುಹಿಸುತ್ತದೆ. ಎರಡೂ ದಾರಿಯಲ್ಲಿ ಗಡುವು ಕರಗುತ್ತದೆ.

ಶಸ್ತ್ರಚಿಕಿತ್ಸೆಗೆ ಮುನ್ನ ಸಹಿ ಹಾಕುವ ಸಮ್ಮತಿಪತ್ರದ ವಿಷಯವೂ ಇಷ್ಟೇ ಗಂಭೀರ. ಅರ್ಥವಾಗದ ಭಾಷೆಯ ಕಾಗದಕ್ಕೆ ಒತ್ತಿದ ಹೆಬ್ಬೆಟ್ಟು ಸಮ್ಮತಿಯಾಗಲಾರದು.

865 ಹಳ್ಳಿಗಳ ಪಾಠ

ಇಲ್ಲಿ ಒಂದು ಇತ್ತೀಚಿನ ರಾಜಕೀಯ ಪ್ರಸಂಗವನ್ನು ನೆನೆಯಬೇಕು. 2023ರಲ್ಲಿ ಮಹಾರಾಷ್ಟ್ರ ಸರಕಾರವು ತಾನು ಹಕ್ಕು ಸಾಧಿಸುವ ಕರ್ನಾಟಕದ 865 ಗಡಿಹಳ್ಳಿಗಳ ನಿವಾಸಿಗಳಿಗೆ ಇದೇ ಫುಲೆ ಯೋಜನೆಯನ್ನು ವಿಸ್ತರಿಸಲು ನಿರ್ಧರಿಸಿತು. ಅಂದಿನ ಕರ್ನಾಟಕದ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅದನ್ನು ಬಲವಾಗಿ ವಿರೋಧಿಸಿದರು. ಪತ್ರಿಕೆಗಳಲ್ಲಿ ಅದು ಎರಡು ರಾಜ್ಯಗಳ ಪ್ರತಿಷ್ಠೆಯ ಕಾಳಗವಾಗಿ ಮೂಡಿಬಂತು.

ಆ ವಾದದಲ್ಲಿ ಪಕ್ಷ ವಹಿಸುವುದು ಈ ಲೇಖನದ ಉದ್ದೇಶವಲ್ಲ. ಅದರಿಂದ ಹೊರಡುವ ತರ್ಕ ನಮಗೆ ಮುಖ್ಯ. ಗಡಿಯಾಚೆಗಿನ ಮರಾಠಿ ಭಾಷಿಕರಿಗೆ ಆರೋಗ್ಯ ರಕ್ಷಣೆ ತಲುಪಬೇಕೆಂಬ ಕಾಳಜಿ ಒಂದು ಸರಕಾರಕ್ಕೆ ಇರಬಹುದಾದರೆ, ಗಡಿಯೊಳಗೆ ಕಾನೂನುಬದ್ಧವಾಗಿ ಈಗಾಗಲೇ ಫಲಾನುಭವಿಗಳಾಗಿರುವ ಕನ್ನಡ ಭಾಷಿಕರಿಗೆ ಒಂದು ಪುಟದ ಕನ್ನಡ ಚೀಟಿ ಕೊಡುವುದು ಯಾವ ದೊಡ್ಡ ಮಾತು? ಅದೇ ರೀತಿ, ಗಡಿಕನ್ನಡಿಗರ ಹೆಸರಿನಲ್ಲಿ ಭಾಷಣ ಮಾಡುವ ಕರ್ನಾಟಕದ ನಾಯಕರಿಗೆ, ಆ ಚೀಟಿಯ ಕನ್ನಡ ಅನುವಾದವನ್ನು ಸಿದ್ಧಪಡಿಸಿ ನೆರೆರಾಜ್ಯಕ್ಕೆ ಕೊಡುವುದು ಯಾವ ಕಷ್ಟದ ಕೆಲಸ?

ಕಾನೂನಿನ ಆಧಾರವೂ ಇದೆ. ಸಂವಿಧಾನದ 350ನೆಯ ಅನುಚ್ಛೇದದಂತೆ ಯಾವುದೇ ವ್ಯಕ್ತಿ ತನ್ನ ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದು. 1956ರ ಏಳನೆಯ ತಿದ್ದುಪಡಿಯು 350-ಎ ಮತ್ತು 350-ಬಿ ಅನುಚ್ಛೇದಗಳನ್ನು ಸೇರಿಸಿ ಮಾತೃಭಾಷಾ ಪ್ರಾಥಮಿಕ ಶಿಕ್ಷಣಕ್ಕೂ ಭಾಷಾ ಅಲ್ಪಸಂಖ್ಯಾತರ ವಿಶೇಷ ಅಧಿಕಾರಿಗೂ ಅವಕಾಶ ಕಲ್ಪಿಸಿತು. ಜನಸಂಖ್ಯೆಯ ಶೇಕಡಾ 15ರಷ್ಟು ಅಥವಾ ಅದಕ್ಕಿಂತ ಹೆಚ್ಚು ಜನ ಅಲ್ಪಸಂಖ್ಯಾತ ಭಾಷೆಯವರಾಗಿರುವ ಜಿಲ್ಲೆ, ತಾಲ್ಲೂಕು, ನಗರಸಭೆಗಳಲ್ಲಿ ಮುಖ್ಯ ಪ್ರಕಟಣೆಗಳನ್ನು ಆ ಭಾಷೆಯಲ್ಲೂ ಹೊರಡಿಸಬೇಕೆಂಬುದು ದೇಶಕ್ಕೆಲ್ಲ ಒಪ್ಪಿತವಾದ ರಕ್ಷಣಾ ಕ್ರಮಗಳಲ್ಲೊಂದು. ನಾವು ಈ ಅನುಚ್ಛೇದಗಳನ್ನು ಶಾಲೆ ಉಳಿಸಲು ಉಲ್ಲೇಖಿಸುತ್ತ ಬಂದಿದ್ದೇವೆ. ಶಾಲೆಯ ಮಗುವನ್ನು ಉಳಿಸಲೂ ಅವನ್ನು ಉಲ್ಲೇಖಿಸಬೇಕಾದ ಹೊತ್ತಿದು.

ನೆರೆಯ ಕೇರಳದಲ್ಲಿ ಎರಡು ಅನುಕರಣೀಯ ಮಾದರಿಗಳಿವೆ. 1969ರ ರಾಜಭಾಷಾ ಕಾಯಿದೆಯು ಅಲ್ಲಿನ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲೇ ಸರಕಾರದೊಡನೆ ಪತ್ರವ್ಯವಹಾರ ನಡೆಸುವ ಅವಕಾಶ ನೀಡಿದೆ. 2017ರಲ್ಲಿ ಆರಂಭವಾದ 'ಹೃದ್ಯಂ' ಯೋಜನೆಯು ಹೃದಯದೋಷವುಳ್ಳ ಪ್ರತಿ ಮಗುವನ್ನು ಆನ್‌ಲೈನ್ ನೋಂದಣಿಗೆ ತಂದು, ತುರ್ತಿಗೆ ಅನುಗುಣವಾಗಿ ವರ್ಗೀಕರಿಸಿ ಆಸ್ಪತ್ರೆಗೆ ಹಂಚುತ್ತದೆ. ಕಾಸರಗೋಡಿನ ಕನ್ನಡದ ಕೂಸೂ ಆ ಪಟ್ಟಿಯಲ್ಲಿ ಸೇರುತ್ತದೆ. ಅಲ್ಲಿ ಚೀಟಿ ಕಳೆದರೂ ಮಗುವಿನ ಹೆಸರು ಕಳೆಯದು.

ಗಡಹಿಂಗ್ಲಜದ ಎರಡು ದಾರಿ, ಇಚಲಕರಂಜಿಯ ಇಕ್ಕಟ್ಟು

ನಮ್ಮ ಭಾಗದ ಎಲ್ಲ ಕುಟುಂಬಗಳ ಸ್ಥಿತಿ ಒಂದೇ ಅಲ್ಲ. ಹಿರಣ್ಯಕೇಶಿ ದಂಡೆಯ ಗಡಹಿಂಗ್ಲಜ ಭಾಗದ ಕನ್ನಡಿಗರು ಇಲ್ಲಿನ ಮೂಲನಿವಾಸಿಗಳು. ಅವರ ಪಡಿತರ ಚೀಟಿ ಮಹಾರಾಷ್ಟ್ರದ್ದು. ಅವರಿಗೆ ಕೊಲ್ಲಾಪುರವೂ, ಸಂಕೇಶ್ವರದ ಮೂಲಕ ಬೆಳಗಾವಿಯೂ ಹೆಚ್ಚುಕಡಿಮೆ ಒಂದೇ ದೂರ. ಭಾಷೆಯ ಸಲುಗೆಯಿಂದ ಮನಸ್ಸು ಬೆಳಗಾವಿಯತ್ತ ಎಳೆಯುತ್ತದೆ, ಯೋಜನೆ ಕೊಲ್ಲಾಪುರದತ್ತ ಎಳೆಯುತ್ತದೆ. ಬೆಳಗಾವಿಗೆ ಹೋಗುವ ಮುನ್ನ, ಆ ಆಸ್ಪತ್ರೆ ತಮ್ಮ ಕಾರ್ಡಿಗೆ ಮಾನ್ಯವೇ ಎಂದು ಕೇಳಿ ತಿಳಿಯದಿದ್ದರೆ ಸಾಲದ ಹೊರೆ ಖಚಿತ.

ಇಚಲಕರಂಜಿಯ ಚಿತ್ರ ಬೇರೆ. ವಿದ್ಯುತ್ ಮಗ್ಗಗಳ ಈ ನಗರಕ್ಕೆ ಕೆಲಸ ಅರಸಿ ಕರ್ನಾಟಕದ ಜಿಲ್ಲೆಗಳಿಂದ ಬಂದ ಕುಟುಂಬಗಳಲ್ಲಿ ಹಲವರ ಪಡಿತರ ಚೀಟಿ ಇನ್ನೂ ಊರಲ್ಲೇ ಇದೆ. ಮಹಾರಾಷ್ಟ್ರದ ಯೋಜನೆ ಇಲ್ಲಿನ ಚೀಟಿ ಕೇಳುತ್ತದೆ. ಕರ್ನಾಟಕದ ಯೋಜನೆ ಅಲ್ಲಿನ ಆಸ್ಪತ್ರೆಯ ಶಿಫಾರಸು ಕೇಳುತ್ತದೆ. ಇಂತಹವರು ಎರಡು ವಿಷಯ ನೆನಪಿಡಬೇಕು. ಒಂದು, ಶಾಲೆ ಅಥವಾ ಅಂಗನವಾಡಿಯ ತಪಾಸಣೆಗೆ ಯಾವ ಪಡಿತರ ಚೀಟಿಯೂ ಬೇಕಿಲ್ಲ; ಮಗು ಅಲ್ಲಿ ದಾಖಲಾಗಿದ್ದರೆ ಸಾಕು. ಎರಡು, ಕೇಂದ್ರದ ಆಯುಷ್ಮಾನ್ ಪಟ್ಟಿಯಲ್ಲಿ ಹೆಸರಿದ್ದರೆ ಆ ಕಾರ್ಡ್ ರಾಜ್ಯದ ಗಡಿ ದಾಟಿಯೂ ನೋಂದಾಯಿತ ಆಸ್ಪತ್ರೆಗಳಲ್ಲಿ ನಡೆಯುತ್ತದೆ. ಹೆಸರಿದೆಯೇ ಎಂಬುದನ್ನು 14555ಕ್ಕೆ ಕರೆಮಾಡಿ ತಿಳಿಯಬಹುದು. ಫುಲೆ ಯೋಜನೆಯ ಸಹಾಯವಾಣಿ 155388.

ಯೋಜನೆಗಳ ಹೊರಗೂ ಬಾಗಿಲುಗಳಿವೆ. ಬೆಂಗಳೂರಿನ ವೈಟ್‌ಫೀಲ್ಡಿನ ಶ್ರೀ ಸತ್ಯಸಾಯಿ ಉನ್ನತ ವೈದ್ಯವಿಜ್ಞಾನ ಸಂಸ್ಥೆ ಮತ್ತು ನವಿ ಮುಂಬಯಿಯ ಖಾರಘರದ ಸತ್ಯಸಾಯಿ ಸಂಜೀವನಿ ಮಕ್ಕಳ ಹೃದಯ ಕೇಂದ್ರಗಳು ಶುಲ್ಕವಿಲ್ಲದೆ ಶಸ್ತ್ರಚಿಕಿತ್ಸೆ ನಡೆಸುತ್ತವೆ. ಗಡಿ ಎಂಬುದು ಎಷ್ಟರಮಟ್ಟಿಗೆ ಅಡ್ಡಿ ಎಂಬ ಪ್ರಶ್ನೆಗೆ 2003ರ ಜುಲೈ ತಿಂಗಳ ಒಂದು ಘಟನೆಯೇ ಉತ್ತರ. ಆಗತಾನೆ ಮತ್ತೆ ಆರಂಭವಾಗಿದ್ದ ಲಾಹೋರ್–ದೆಹಲಿ ಬಸ್ಸಿನಲ್ಲಿ ಪಾಕಿಸ್ತಾನದ ಎರಡೂವರೆ ವರ್ಷದ ಬಾಲಕಿಯೊಬ್ಬಳು ಬಂದು, ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ ಹೃದಯ ಶಸ್ತ್ರಚಿಕಿತ್ಸೆ ಪಡೆದು ಮರಳಿದಳು. ಎರಡು ರಾಷ್ಟ್ರಗಳ ನಡುವೆ ಸಾಧ್ಯವಾದದ್ದು ಎರಡು ತಾಲ್ಲೂಕುಗಳ ನಡುವೆ ಅಸಾಧ್ಯವಾಗಬಾರದು.

ಶಾಲೆಯೇ ಸೇತುವೆ

ಸರಕಾರದ ಮುಂದಿಡಬೇಕಾದ ಬೇಡಿಕೆಗಳು ಮೂರು. ಕನ್ನಡ ಶಾಲೆಗಳಿಗೆ ಬರುವ ತಪಾಸಣಾ ತಂಡದ ಚೀಟಿ ದ್ವಿಭಾಷಿಕವಾಗಿರಲಿ. ಸಮ್ಮತಿಪತ್ರದ ಕನ್ನಡ ಪ್ರತಿ ಜಿಲ್ಲೆಯ ಯೋಜನಾ ಆಸ್ಪತ್ರೆಗಳಲ್ಲಿ ದೊರೆಯಲಿ. ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜಗಳಲ್ಲಿ ಕನ್ನಡ ಬಲ್ಲ ಒಬ್ಬೊಬ್ಬ ಆರೋಗ್ಯಮಿತ್ರರಾದರೂ ಇರಲಿ. ಇವುಗಳಿಗೆ ಹೊಸ ಕಾಯಿದೆ ಬೇಕಿಲ್ಲ, ಜಿಲ್ಲಾ ಮಟ್ಟದ ಒಂದು ಸುತ್ತೋಲೆ ಸಾಕು.

ಸುತ್ತೋಲೆ ಬರುವವರೆಗೆ ನಾವು ಕೈಕಟ್ಟಿ ಕೂರಬೇಕಿಲ್ಲ. ತಪಾಸಣೆಯ ದಿನ ಶಾಲಾ ವ್ಯವಸ್ಥಾಪನ ಸಮಿತಿಯ ಒಬ್ಬ ಪಾಲಕರು ಹಾಜರಿರಲಿ. ಚೀಟಿ ಪಡೆದ ಪ್ರತಿ ಮಗುವಿನ ಹೆಸರು ಶಾಲೆಯ ವಹಿಯಲ್ಲಿ ದಾಖಲಾಗಲಿ. ಚೀಟಿಯ ಸಾರವನ್ನು ಶಿಕ್ಷಕರು ಅದರ ಹಿಂಬದಿಯಲ್ಲೇ ಕನ್ನಡದಲ್ಲಿ ಬರೆಯಲಿ: ಯಾವ ಆಸ್ಪತ್ರೆ, ಯಾವ ದಿನ, ಯಾವ ಕಾಗದಪತ್ರ. ಹದಿನೈದು ದಿನಗಳ ಬಳಿಕ ಮಗು ಹೋಗಿ ಬಂದಿತೇ ಎಂದು ವಿಚಾರಿಸುವ ಹೊಣೆ ಒಬ್ಬರಿಗಿರಲಿ. ಪಾಲಕರಲ್ಲಿ ವಿನಂತಿಯಿಷ್ಟೇ: ಹಾಲು ಕುಡಿಯುವಾಗ ಬೆವರುವ, ತೂಕ ಏರದ, ಪದೇಪದೇ ನ್ಯುಮೋನಿಯಾ ಬರುವ, ತುಟಿ-ಉಗುರು ನೀಲಿಯಾಗುವ, ಓಡಿ ಕುಕ್ಕರಿಸುವ ಮಗುವನ್ನು "ದೃಷ್ಟಿಯಾಗಿದೆ" ಎಂದು ಮನೆಯಲ್ಲಿರಿಸಬೇಡಿ. ಹರಕೆ ಹೊರುವವರು ಹೊರಲಿ. ಎಕೋ ಪರೀಕ್ಷೆಯ ದಿನ ಮಾತ್ರ ತಪ್ಪದಿರಲಿ.

ಶಸ್ತ್ರಚಿಕಿತ್ಸೆ ಮುಗಿದ ಮೇಲೂ ಶಾಲೆಯ ಪಾತ್ರ ಮುಗಿಯುವುದಿಲ್ಲ. ಎದೆಯ ಮೂಳೆ ಕೂಡಿಕೊಳ್ಳಲು ಆರರಿಂದ ಎಂಟು ವಾರ ಬೇಕು. ಅಲ್ಲಿಯವರೆಗೆ ಭಾರದ ದಫ್ತರ, ನೂಕಾಟದ ಆಟ ಸಲ್ಲದು. ಅನಂತರ ವೈದ್ಯರು ಅನುಮತಿಸಿದಷ್ಟು ಆಟ ಆಡಲೇಬೇಕು. ಎದೆಯ ಗಾಯದ ಗುರುತು ನೋಡಿ ಮಗುವನ್ನು ಮೂಲೆಯಲ್ಲಿ ಕೂರಿಸುವುದು ಇನ್ನೊಂದು ಬಗೆಯ ಅನ್ಯಾಯ. ಹಲ್ಲುಗಳ ಶುಚಿತ್ವ ಮುಖ್ಯ, ಏಕೆಂದರೆ ಹುಳುಕು ಹಲ್ಲಿನ ಸೋಂಕು ರಕ್ತದ ಮೂಲಕ ಹೃದಯ ತಲುಪಬಲ್ಲದು. ಫ್ಯಾಲೋ ದುರಸ್ತಿಯಾದ ಮಕ್ಕಳಲ್ಲಿ ಶ್ವಾಸಕೋಶದ ಧಮನಿಯ ಕವಾಟ ವರ್ಷಗಳ ನಂತರ ಸೋರುವ ಸಾಧ್ಯತೆಯಿರುವುದರಿಂದ ಜೀವನಪರ್ಯಂತ ನಿಯತ ತಪಾಸಣೆ ಬೇಕು. ಮಗು ಐದನೆಯ ಅಥವಾ ಎಂಟನೆಯ ತರಗತಿ ಮುಗಿಸಿ ಮರಾಠಿ ಶಾಲೆಗೆ ಹೋದಾಗ ಶಾಲೆ ಬಿಟ್ಟ ದಾಖಲೆಯ ಜೊತೆಗೆ ಈ ಆರೋಗ್ಯ ದಾಖಲೆಯ ಪ್ರತಿಯೂ ಹೋಗಬೇಕು.

ಕನ್ನಡ ಶಾಲೆ ಏಕೆ ಉಳಿಯಬೇಕು ಎಂದು ಕೇಳುವವರಿಗೆ ನಾವು ಸಂಸ್ಕೃತಿಯ ಉತ್ತರ ಕೊಡುತ್ತೇವೆ, ಅದು ಸರಿಯೇ. ಅದರ ಜೊತೆಗೆ ಇನ್ನೊಂದು ಉತ್ತರವನ್ನೂ ಕೊಡಬಹುದು. ಈ ಜಿಲ್ಲೆಯಲ್ಲಿ ಸರಕಾರದ ಒಂದು ಕಾಗದವನ್ನು ತಾಯಿಗೆ ಅವಳ ನುಡಿಯಲ್ಲಿ ಓದಿ ಹೇಳಬಲ್ಲ ಸಾರ್ವಜನಿಕ ಸ್ಥಳ ಬಹುಪಾಲು ಹಳ್ಳಿಗಳಲ್ಲಿ ಶಾಲೆಯೊಂದೇ. ಬರುವ ತಪಾಸಣೆಯ ದಿನಾಂಕವನ್ನು ನಿಮ್ಮ ಶಾಲೆಯ ಮುಖ್ಯಾಧ್ಯಾಪಕರಲ್ಲಿ ಇಂದೇ ಕೇಳಿ. ಕಳೆದ ವರ್ಷ ಯಾವ ಮಕ್ಕಳಿಗೆ ಚೀಟಿ ಸಿಕ್ಕಿತ್ತು, ಅವರಲ್ಲಿ ಯಾರು ಆಸ್ಪತ್ರೆ ತಲುಪಿಲ್ಲ ಎಂಬುದನ್ನೂ ಕೇಳಿ.